ಕೋವಿಮದ್ದು ಅಗ್ಗವಿದ್ದಾಗ

ಟೇಕಲ್ ಬೆಟ್ಟದ ಕೆಳಗಿನ ಮನೆಯಿಂದ
೧೯-೧೨-೧೯೪೩, ಭಾನುವಾರ ಬೆಳಿಗ್ಗೆ

ನನ್ನ ಬಂಗಾರದಂಥ ಮಗಳು ಆದಿಲಕ್ಷ್ಮಿಗೆ, ಬೆಟ್ಟದ ಈ ಕಡೆಯಿಂದಲೇ ನಿನಗೆ ದೃಷ್ಟಿ ತೆಗೆದು ಅಮ್ಮ ಮಾಡುವ ಆಶೀರ್ವಾದ.

ಈ ಕಥೆಯನ್ನು ಮೊದಲು ಬಾಯಿಬಿಟ್ಟು ಹೇಳಿದವನು ನಿನ್ನ ಸೋದರಮಾವ ಆವಲಪ್ಪ. ಹೇಳಿದ್ದು ನಿನ್ನೆ ಶನಿವಾರ ಸಂಜೆ, ನಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ. ಕೇಳಿದಾಗಿನಿಂದ ನನ್ನ ಎದೆ ಹೊಸ ತಮಟೆಯ ಹಾಗೆ ಬಡಿದುಕೊಳ್ಳುತ್ತಿದೆ ಕಣೇ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನೀನೇ ಒಲೆಯ ಮುಂದೆ ಕೂರಿಸಿ, ಇದ್ದಿಲಿನಲ್ಲಿ ತಿದ್ದಿಸಿ ಕಲಿಸಿದ ಅಕ್ಷರ ಇವು.

ನಿನ್ನ ಕಾಗದ ಬಂದು ವಾರವಾಯಿತು. ಒಂಬತ್ತು ತಿಂಗಳು ತುಂಬುತ್ತಾ ಬಂತು, ಅಪ್ಪ ತಾನೇ ಗಾಡಿ ಕಟ್ಟಿಕೊಂಡು ಬಂದು ಕರೆದರೆ ಬಾಣಂತನಕ್ಕೆ ಬರ್ತೀನಿ, ಇಲ್ಲದಿದ್ದರೆ ಇಲ್ಲೇ ಇರ್ತೀನಿ, ಏನಂತ ಹೇಳಿಬಿಡಮ್ಮ ಅಂತ ಬರೆದಿದ್ದೆ. ಅದನ್ನು ಕೊಟ್ಟಿಗೆಯಲ್ಲೇ ನಿಮ್ಮಪ್ಪನಿಗೆ ಓದಿ ಹೇಳಿದೆ. ಎತ್ತಿಗೆ ಹುಲ್ಲು ಹಾಕುತ್ತಿದ್ದವನು ಮೂಲೆಗೆ ಹೋಗಿ ಇನ್ನೊಂದು ಕಂತೆ ಬಿಚ್ಚಿದ. ಎತ್ತುಗಳು ಆಗಲೇ ತಿಂದು ಮೆಲುಕು ಹಾಕುತ್ತಿದ್ದವು. ನಿನಗೆ ಏನಂತ ಉತ್ತರ ಬರೆಯಲಿ ಹೇಳು? ಅದಕ್ಕೇ ಸುಮ್ಮನಿದ್ದೆ.

ನಿನ್ನೆ ಸಂಜೆ ಮಾತು ಶುರುವಾದದ್ದು ಹಂದಿಯಿಂದ. ನಮ್ಮ ಹೊಲದ ಗೆಣಸನ್ನು ಕಾಡುಹಂದಿ ಉತ್ತುಹಾಕಿದೆ. ಆವಲಪ್ಪ, ಒಂದು ಗುಂಡು ಹಾರಿಸಬಾರದೇನು ಬಾವಾ ಅಂದ. ನಿಮ್ಮಪ್ಪ ಎಂದಿನ ಹಾಗೆ, ಮದ್ದು ದುಬಾರಿ ಕಣೋ ಅಂದ. ಅಷ್ಟೇ ಸಾಕಾಯಿತು ನೋಡು, ಜಗಲಿಯ ಮೇಲಿದ್ದ ಮುದುಕರೆಲ್ಲ ಹಳೆಯ ಕಾಲಕ್ಕೆ ಹಾರಿಬಿಟ್ಟರು. ಆಗ ಎರಡು ಮೇಕೆ ಹೊಡೆದುಕೊಂಡು ಹೋದರೆ ಮುಳಬಾಗಿಲಿನ ಕಮ್ಮಾರ ಕೋವಿಯನ್ನು ಹೆಗಲಿಗೆ ಹಾಕಿ, ಮಜ್ಜಿಗೆ ಕುಡಿಸಿ ಕಳಿಸುತ್ತಿದ್ದನಂತೆ. ಕೋಲಾರದ ಪೇಟೆಯಲ್ಲಿ ಮದ್ದನ್ನು ಬೆಲ್ಲದ ಹಾಗೆ ತೂಗಿ, ಕೊಸರಿಗೆ ಒಂದು ಹಿಡಿ ಸೀಸದ ಚರೆ ಹಾಕುತ್ತಿದ್ದರಂತೆ. ಶ್ರೀನಿವಾಸಪುರದಲ್ಲಿ ಮಾವಿನ ತೋಪು ಕಾಯುತ್ತಿದ್ದ ಮುನಿರಾಮಪ್ಪ, ಗಿಣಿಗೊಂದು ಗುಂಡು ಹಾರಿಸ್ತಿದ್ದೆ, ತಗುಲಿದ್ದು ಒಂದಕ್ಕೂ ಇಲ್ಲ, ಆದರೂ ಬೇಜಾರಿರಲಿಲ್ಲ, ಈಗ ಮದ್ದಿಗಿಂತ ಮಾವೇ ಅಗ್ಗ, ತಿನ್ನಿ ತಾಯಂದಿರಾ ಅಂತ ಗಿಣಿಗಳಿಗೆ ಕೈ ಮುಗಿದು ಬರ್ತೀನಿ ಅಂದ. ನಗು ನಿಲ್ಲಲಿಲ್ಲ. ಆಮೇಲೆ ಎಲ್ಲರೂ ಈ ಯುದ್ಧಕ್ಕೆ ಶಾಪ ಹಾಕಿದರು. ಒಬ್ಬನ ಹತ್ತಿರವೂ ಚಿಟಿಕೆ ಮದ್ದಿಲ್ಲವಂತೆ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಒಂದೂ ಇಲ್ಲವಂತೆ. ಆವಲಪ್ಪ ಮಾರಮ್ಮನ ಮೇಲೆ ಆಣೆಯನ್ನೇ ಇಟ್ಟ.

ನಾನು ಬಾಗಿಲ ಹಿಂದೆ ಮೊರ ಹಿಡಿದು ಕೂತಿದ್ದೆ. ಯುದ್ಧ ಶುರುವಾದದ್ದು ನಿನ್ನ ಮದುವೆಯಾದ ಮರುವರ್ಷ. ನಿಮ್ಮಪ್ಪನಿಗೆ ಮದ್ದು ದುಬಾರಿಯಾದದ್ದು ನಿನ್ನ ಮದುವೆಯ ದಿನವೇ. ಇದು ನನಗೆ ಗೊತ್ತು, ನಿನಗೂ ಗೊತ್ತು.

ಆವತ್ತು ಧಾರೆಯ ಹೊತ್ತಿಗೆ ಹಾರಿಸಬೇಕು ಅಂತ ಅವನು ಕೋವಿಗೆ ಅರಿಸಿನ ಕುಂಕುಮ ಹಚ್ಚಿ ತಂದಿದ್ದ. ಕೋವಿಯ ಕುದುರೆ ಎಳೆದರೆ ಕೇಪು ಟಪ್ಪೆಂದಿತು, ಗುಂಡು ಹಾರಲಿಲ್ಲ. ನಿನ್ನ ಮಾವ ಸೊಣ್ಣಪ್ಪನವರ ಬಾಯಿ ಸುಮ್ಮನಿರುತ್ತದೆಯೇ? ಬೀಗರೇ, ನಿಮ್ಮ ಕೋವಿಗೆ ಕೆಮ್ಮಾಗಿದೆ, ಶುಂಠಿ ಕಷಾಯ ಕುಡಿಸಿ, ಅಲ್ಲಿಯವರೆಗೆ ತೋಟಾ ತುಂಬುವ ನಮ್ಮ ಬಂದೂಕು ಇಟ್ಟುಕೊಳ್ಳಿ ಅಂದರು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಅದನ್ನು ಅವನು ನುಂಗಿಕೊಂಡಿದ್ದ. ಆದರೆ ಬಾಸಿಂಗದ ಕೆಳಗೆ ನೀನೂ ನಕ್ಕೆ ಕಣೇ. ಆವತ್ತಿನಿಂದ ಅವನು ಬೆಟ್ಟದ ಆ ಕಡೆಯ ನಿನ್ನ ಹೊಸಿಲು ತುಳಿದಿಲ್ಲ. ನೀನು ಹಬ್ಬಕ್ಕೆ ಬಂದರೆ ಹೊಲಕ್ಕೆ ಹೋಗುತ್ತಾನೆ. ಕೇಳಿದರೆ, ಕೋವಿ ಬೆಟ್ಟದ ಈ ಕಡೆಯಿಂದ ಆ ಕಡೆಗೆ ಮಾತಾಡುತ್ತಿದ್ದ ಕಾಲ ಹೋಯಿತು, ಮದ್ದು ದುಬಾರಿ ಅನ್ನುತ್ತಾನೆ.

ಮಾತಾಡುತ್ತಿದ್ದದ್ದೇನೋ ನಿಜ. ನೀನು ಹುಡುಗಿಯಾಗಿದ್ದಾಗ ಬೆಟ್ಟದ ಎರಡು ಮಗ್ಗುಲಿನವರಿಗೂ ಅಂಚೆ ಬೇಕಿರಲಿಲ್ಲ. ಒಂದು ಗುಂಡು ಅಂದರೆ ಎಲ್ಲಾ ಕ್ಷೇಮ, ಬನ್ನಿ. ಎರಡು ಅಂದರೆ ಮನೆಯಲ್ಲಿ ಮಗು ಹುಟ್ಟಿದೆ. ಮೂರು ಅಂದರೆ ಚಿರತೆ ಇಳಿದಿದೆ, ದನ ಕಟ್ಟಿಕೊಳ್ಳಿ. ಈಗ ಹಾಗಿದ್ದಿದ್ದರೆ ಈ ಕಾಗದಕ್ಕೆ ನಾನು ಇಷ್ಟು ಒದ್ದಾಡಬೇಕಿತ್ತೇ?

ಅವರೆಕಾಯಿ ಮುಗಿಯುತ್ತಾ ಬಂದಾಗ ಆವಲಪ್ಪ ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಎಸೆದು, ಬಾವಾ, ಮೂವತ್ತೊಂದನೇ ಇಸವಿಯ ಮಂಜು ನೆನಪಿದೆಯಾ ಅಂದ. ನಿಮ್ಮಪ್ಪ ಇನ್ನೊಂದು ಕಾಯಿ ಎತ್ತಿಕೊಂಡ. ಆವಲಪ್ಪನೇ ಹೇಳಿದ.

ಆಗ ನಿನಗೆ ಒಂಬತ್ತು ವರ್ಷ. ಮೇಕೆಮರಿ ಹುಡುಕಿಕೊಂಡು ಬೆಟ್ಟ ಹತ್ತಿದೆ. ಸಂಜೆಗೆ ಎಂಥ ಮಂಜು ಕವಿಯಿತೆಂದರೆ, ದೀವಟಿಗೆ ಹಚ್ಚಿದರೆ ಹಿಡಿದವನ ಮುಖವೇ ಕಾಣದು. ಕೂಗಿದರೆ ಕೂಗು ಬಂಡೆಯಿಂದ ಬಂಡೆಗೆ ತಿರುಗಿ ಎಲ್ಲಿಂದಲೋ ಬರುತ್ತಿತ್ತು. ಆಗ ನಿಮ್ಮಪ್ಪ ಮನೆ ಹಿಂದಿನ ಬಂಡೆ ಏರಿ ಗುಂಡು ಹಾರಿಸಿದ. ಮದ್ದು ಸುರಿಯುವುದು, ಬಟ್ಟೆಚೂರು ತುರುಕುವುದು, ಸಲಾಕೆಯಲ್ಲಿ ಜಡಿಯುವುದು, ಮತ್ತೆ ಹಾರಿಸುವುದು. ಆ ಕಡೆಯವರು ಮೂರು ಕೇಳಿದ್ದೇ ದನ ಕಟ್ಟಿದರಂತೆ. ನಾಲ್ಕಾಯಿತು, ಐದಾಯಿತು, ಆಮೇಲೆ ಎಣಿಸುವುದನ್ನೇ ಬಿಟ್ಟು, ಯಾವುದೋ ದಂಡು ಬಂತೆಂದು ಕೋಳಿಗಳನ್ನೂ ಒಳಗೆ ಹಾಕಿಕೊಂಡರಂತೆ! ಮದ್ದಿನ ಕೊಂಬಿನ ತಳ ಕಾಣುವ ಹೊತ್ತಿಗೆ ನೀನು ಆ ಸದ್ದನ್ನೇ ಹಿಡಿದುಕೊಂಡು ಇಳಿದು ಬಂದೆ, ಕಂಕುಳಲ್ಲಿ ಮೇಕೆಮರಿ. ಬಂದವಳು ಅಳಲಿಲ್ಲ. ನಕ್ಕು, ಅಪ್ಪಾ, ಇವತ್ತು ಇಷ್ಟೊಂದು ಮಕ್ಕಳು ಯಾರಿಗೆ ಹುಟ್ಟಿದವು ಅಂತ ಕೇಳಿದೆ!

ಜಗಲಿಯೆಲ್ಲ ಘೊಳ್ಳೆಂದಿತು. ನಿಮ್ಮಪ್ಪ ಮಾತ್ರ ಸಿಪ್ಪೆ ರಾಶಿಯನ್ನೇ ಕೆದಕುತ್ತಿದ್ದ. ಆಗ ಆವಲಪ್ಪ ನಗು ನಿಲ್ಲಿಸಿ ಕೇಳಿದ. ಗಂಗುಲಪ್ಪ ಬಾವಾ, ಆ ಮಗು ಇವತ್ತು ದಾರಿ ತಪ್ಪಿದ್ದರೆ ಏನು ಮಾಡ್ತಿದ್ದೆ? ಮದ್ದು ದುಬಾರಿ ಅಂತ ಬಾಗಿಲು ಹಾಕಿಕೊಂಡು ಮಲಗ್ತಿದ್ದೆಯಾ?

ಎಲ್ಲರ ಕೈಯೂ ನಿಂತುಹೋಯಿತು.

ನಿಮ್ಮಪ್ಪ ಕೈಯಲ್ಲಿದ್ದ ಸಿಪ್ಪೆ ಬಿಟ್ಟು, ಅವಳು ನಕ್ಕಳು ಕಣೋ ಅಂದ. ಅಷ್ಟೇ.

ಆವಲಪ್ಪ ಬಿಡಲಿಲ್ಲ. ಅವಳು ಬೆಟ್ಟ ಇಳಿದು ಬಂದಾಗಲೂ ನಕ್ಕಳು ಬಾವಾ, ಆವತ್ತು ಹೆಗಲ ಮೇಲೆ ಕೂರಿಸಿಕೊಂಡು ಕುಣಿದೆಯಲ್ಲ. ಅದೇ ಮಗು, ಅದೇ ನಗು, ಅಂದ. ನಿಮ್ಮಪ್ಪ ಎದ್ದು ಒಳಗೆ ಹೋದ. ಉಳಿದವರೂ ಸಿಪ್ಪೆ ಕೊಡವಿಕೊಂಡು ಎದ್ದರು.

ಈಗ ಇವತ್ತು ಬೆಳಿಗ್ಗೆ ಆದದ್ದು ಕೇಳು. ಇನ್ನೂ ಕೋಳಿ ಕೂಗಿ ಮುಗಿಸಿರಲಿಲ್ಲ, ಆವಲಪ್ಪ ಬಂದು ಅಂಗಳದಲ್ಲಿ ನಿಂತ. ರುಮಾಲಿನ ಸೆರಗು ಬಿಚ್ಚಿದರೆ ಕೇಪುಗಳು! ಮಾರಮ್ಮನಿಗೆ ತಪ್ಪುಕಾಣಿಕೆ ಆಮೇಲೆ ಹಾಕ್ತೀನಿ ಅಂದ. ಅವನ ಹಿಂದೆಯೇ ಮುನಿರಾಮಪ್ಪ, ಬಿದಿರಿನ ನಳಿಕೆಯಲ್ಲಿ ಒಂದು ಗುಂಡಿಗಾಗುವಷ್ಟು ಮದ್ದು ಹಿಡಿದುಕೊಂಡು ಬಂದ. ಗಿಣಿಗಳಿಗೆ ಹೇಳಬೇಡಿ ಅಂದ. ಆಗ ನಿಮ್ಮಪ್ಪ ಒಳಗಿನಿಂದ ಕೋವಿ ತಂದ. ಇಷ್ಟು ವರ್ಷ ಯಾರೂ ಮುಟ್ಟಿಲ್ಲ ಅಂದುಕೊಂಡಿದ್ದ ಕೋವಿ, ಹರಳೆಣ್ಣೆ ಕುಡಿದು ಫಳಫಳ ಹೊಳೆಯುತ್ತಿತ್ತು. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಸೀರೆಯ ಅಂಚು ಹರಿದು ಕೊಟ್ಟೆ, ಮದ್ದಿನ ಮೇಲೆ ಜಡಿಯಲು.

ಮೂವರೂ ಬೆಟ್ಟ ಹತ್ತುತ್ತಿದ್ದಾರೆ. ನಾನು ಹೊಸಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಇರುವುದು ಒಂದೇ ಗುಂಡಿಗೆ. ಕೇಪು ಮತ್ತೆ ಟಪ್ಪೆಂದರೆ ಅವನು ಈ ಜನ್ಮದಲ್ಲಿ ಕೆಳಗೆ ಇಳಿಯುವುದಿಲ್ಲ ಕಣೇ, ಅಲ್ಲೇ ಕಲ್ಲಾಗಿ ನಿಲ್ಲುತ್ತಾನೆ. ಮಾರಮ್ಮ ತಾಯೀ, ನನ್ನ ತಮ್ಮನ ಸುಳ್ಳು ಆಣೆಯನ್ನು ಇವತ್ತೊಂದು ದಿನ ಮರೆತುಬಿಡು

ಹಾರಿತು! ಆದಿಲಕ್ಷ್ಮಿ, ಹಾರಿತು! ಕೇಳಿಸಿತೇನೇ? ತೊಲೆಯ ಮೇಲಿನ ಪಾರಿವಾಳವೆಲ್ಲ ಎದ್ದವು, ಮಡಕೆಯ ಮುಚ್ಚಳ ಜಣಗುಟ್ಟಿತು. ಒಂದು ಗುಂಡು. ಎಲ್ಲಾ ಕ್ಷೇಮ, ಬಾ. ನಿನ್ನ ಕಾಗದಕ್ಕೆ ನಿಮ್ಮಪ್ಪ ಕೊಟ್ಟ ಉತ್ತರ ಅದು. ನಾಳೆ ಗಾಡಿ ಬರುತ್ತದೆ, ಸೀರೆ ಮಡಿಸಿಟ್ಟುಕೊ.

ಇಂತಿ, ಸಂತೋಷಕ್ಕೆ ಅಕ್ಷರ ಸಾಲದೆ ನಿಲ್ಲಿಸುವ
ನಿನ್ನ ಅಮ್ಮ
ಬೈರಮ್ಮ

ಮರೆತ ಮಾತು: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬೆಟ್ಟದ ಆ ಕಡೆಯಿಂದ ಉತ್ತರ ಬಂತು. ತೋಟಾ ಬಂದೂಕಿನ ಸದ್ದು, ಸೊಣ್ಣಪ್ಪನವರದ್ದೇ. ಒಂದು. ನಾನು ಎದ್ದು ನಿಂತೆ. ಇನ್ನೊಂದು. ಮೂರನೆಯದಕ್ಕೆ ಕಿವಿಗೊಟ್ಟು ಕಾದೆ, ಬರಲಿಲ್ಲ. ಎರಡೇ ಕಣೇ, ಎರಡು! ನಿಮ್ಮಪ್ಪ ಒಂದು ಕಾಲಿನ ಮೆಟ್ಟು ಬೆಟ್ಟದಲ್ಲೇ ಬಿಟ್ಟು ಓಡಿಬಂದು, ಗಂಡೋ ಹೆಣ್ಣೋ ಅಂತ ನನ್ನನ್ನೇ ಕೇಳಿದ. ಗುಂಡಿನಲ್ಲಿ ಅದೆಲ್ಲಿ ಹೇಳ್ತಾರೆ ಅಂದೆ. ಗಾಡಿ ನಾಳೆಗಲ್ಲ, ಈಗಲೇ. ಈ ಕಾಗದ ಅಂಚೆಗಿಲ್ಲ, ನನ್ನ ಮಡಿಲಲ್ಲೇ ಬರುತ್ತದೆ. ಎತ್ತು ತಿಂದು ಮುಗಿಸಿದ ಮೇಲೂ ಕೊಟ್ಟಿಗೆಯ ಮೂಲೆಗೆ ಯಾಕೆ ಇನ್ನೊಂದು ಕಂತೆ ಬಿಚ್ಚಿದ ಅಂತ ಈಗ ತಿಳಿಯಿತು. ಹುಲ್ಲು ಸರಿಸಿ ಹೊಸ ತೊಟ್ಟಿಲು ಎತ್ತಿ ಗಾಡಿಗೆ ಇಡುತ್ತಿದ್ದಾನೆ.