ಸ್ಟಾರ್ಟರ್ ಒಂದನ್ನು ಬಿಟ್ಟು

ಗ್ಯಾರೇಜಿನ ಅಣ್ಣನವರಿಗೆ ನಮಸ್ಕಾರ.

ಈ ಪತ್ರವನ್ನು ನಿಮ್ಮ ಮನೆಯವರ ಕೈಯಲ್ಲಿ ಕೊಟ್ಟಿದ್ದೇನೆ. ನಮ್ಮವರಿಗೆ ತಿಳಿಯುವುದು ಬೇಡ.

ನಮ್ಮ ಹಳದಿ ವ್ಯಾನಿನ ಬ್ರೇಕು ಸರಿ ಮಾಡಿ, ಹಿಂದೆ ಮಕ್ಕಳು ಕೂರುತ್ತಾರೆ. ಪಕ್ಕದ ಬಾಗಿಲು ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ, ಅದಕ್ಕೂ ಒಂದು ಗತಿ ಕಾಣಿಸಿ. ಸ್ಟಾರ್ಟರನ್ನು ಮಾತ್ರ ಮುಟ್ಟಬೇಡಿ.

ನಗಬೇಡಿ, ಕಾರಣವಿದೆ. ನಮ್ಮವರೂ ಮಾವನವರೂ ಮಾತು ಬಿಟ್ಟು ಎರಡು ವರ್ಷವಾಯಿತು. ವ್ಯಾನ್ ಕೊಂಡ ದಿನ ಮಾವ, "ಅಗ್ಗ ಅಂತ ಈ ಡಬ್ಬಾ ಗಾಡಿ ತಂದ್ಯಾ?" ಅಂದರು, ಅಲ್ಲಿಂದ ಶುರು. ಈಗ ಉಪ್ಪು ಬೇಕಾದರೂ ಇಬ್ಬರೂ ನನಗೇ ಹೇಳುತ್ತಾರೆ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಮುಟ್ಟಿಸಿ ನನ್ನ ಗಂಟಲು ಒಣಗಿದೆ.

ಹೋದ ತಿಂಗಳು ಸ್ಟಾರ್ಟರ್ ಕೈಕೊಟ್ಟಿತು. ಅಂದಿನಿಂದ ಮಕ್ಕಳನ್ನು ಶಾಲೆಗೆ ಬಿಡುವಾಗ ಮಾವ ಸ್ಟೇರಿಂಗ್ ಹಿಡಿಯುತ್ತಾರೆ, ಇವರು ಹಿಂದಿನಿಂದ ತಳ್ಳುತ್ತಾರೆ. ಬಾಯಿ ಬಿಡದೆ ಆ ಕೆಲಸ ಆಗುವುದಿಲ್ಲವಲ್ಲ! ಮೊದಮೊದಲು "ತಳ್ಳು", "ಗೇರ್ ಹಾಕಿ", ಅಷ್ಟೇ. ಮೊನ್ನೆ ಎಂಜಿನ್ ಸ್ಟಾರ್ಟ್ ಆದ ಮೇಲೂ ಮಾವ ಹೊರಡಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಬೆನ್ನು ನೋವಿದ್ರೆ ನಾಳೆ ನಾನು ತಳ್ತೀನಿ ಕಣೋ" ಅಂದರು.

"ಈ ವಯಸ್ಸಲ್ಲಿ ಬೇಡಪ್ಪಾ, ನೀವು ಕೂತ್ಕೊಳ್ಳಿ" ಅಂದರು ಇವರು.

ನಾನು ಮಕ್ಕಳ ನೀರಿನ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

ಆದ್ದರಿಂದ ಯಾರಾದರೂ ಕೇಳಿದರೆ ಸ್ಟಾರ್ಟರಿನ ಸಾಮಾನು ಸಿಗುತ್ತಿಲ್ಲ ಎನ್ನಿ. ಸುಳ್ಳು ನಿಮ್ಮ ಜಾಯಮಾನವಲ್ಲ, ಗೊತ್ತು. ಶನಿವಾರ ವ್ಯಾನ್ ಒಯ್ಯಲು ಇವರೊಬ್ಬರೇ ಬಂದರೆ ದಯವಿಟ್ಟು ಕೊಡಬೇಡಿ. "ಒಬ್ಬರಿಂದ ಆಗಲ್ಲ, ಹೋಗಿ ಅಪ್ಪನ್ನ ಕರ್ಕೊಂಡು ಬನ್ನಿ" ಎಂದು ವಾಪಸ್ ಕಳಿಸಿ.

ಇಂತಿ,
ಹಳದಿ ವ್ಯಾನಿನ ಮನೆಯ ಸೊಸೆ