ಹೋರಿಯ ಹಗ್ಗ

ಕೊಚ್ಚಿ ಬಂದರು
೧೮ ಫೆಬ್ರವರಿ ೨೦೨೪

ಪ್ರೀತಿಯ ಚಿಕ್ಕಪ್ಪಾ,

ನಿಮ್ಮ ಮೊಣಕಾಲು ನೋವು ಹೇಗಿದೆ? ಹೋರಿ ಸರಿಯಾಗಿ ಮೇಯುತ್ತಿದೆಯೆ? ಈ ಸಲದ ಹೋರಿ ಹಬ್ಬದಲ್ಲಿ ಅದು ಯಾರ ಕೈಗೂ ಸಿಗಲಿಲ್ಲವಂತೆ, ಕೇಳಿ ಸಂತೋಷವಾಯಿತು. ಫೋನಿನಲ್ಲಿ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ.

ಹಾಯಿಹಡಗಿನಲ್ಲಿ ತರಬೇತಿಗೆ ಸೇರಿ ವರ್ಷವಾಗುತ್ತ ಬಂತು. ಬೆಳಿಗ್ಗೆ ಐದಕ್ಕೆ ಏಳಬೇಕು. ಡೆಕ್ ತೊಳೆದ ಮೇಲೆ ಉಪ್ಪಿಟ್ಟು, ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಆಮೇಲೆ ನಕ್ಷೆ, ಗಾಳಿ, ನಕ್ಷತ್ರಗಳ ಪಾಠ. ಮಧ್ಯಾಹ್ನ ಹಾಯಿಕಂಬ ಹತ್ತುತ್ತೇವೆ. ಮೊದಲ ಸಲ ಹತ್ತಿ ಕೆಳಗೆ ನೋಡಿದಾಗ ನೀರು ಕಂಡಿತು. ನೀರಿನ ಜೊತೆಗೆ ನೀವೂ ಕಂಡಿರಿ. ಹಾಯಿ ಹರಿದರೆ ನಾವೇ ಹೊಲಿಯಬೇಕು. ದಪ್ಪ ಸೂಜಿ, ಮೇಣ ಹಚ್ಚಿದ ದಾರ. ಹೊಲಿಗೆ ಎಂದಾಗ ನೆನಪಾಯಿತು: ತಾನೂ ಹಡಗಿಗೆ ಅರ್ಜಿ ಹಾಕುತ್ತೇನೆಂದ ಮೇಘನಾಳನ್ನು ಆನವಟ್ಟಿಯ ಹೊಲಿಗೆ ಕ್ಲಾಸಿಗೆ ಸೇರಿಸಿದ್ದೀರಿ. “ಈ ಮನಿಗೆ ಒಂದು ರಮ್ಯ ಸಾಕು” ಎಂದು ನನ್ನ ಹೆಸರೆತ್ತಿ ಅಂದಿರಂತೆ. ನಿಮ್ಮ ಮಗಳು, ನಿಮ್ಮಿಷ್ಟ.

ಇಲ್ಲಿ ಎಲ್ಲಕ್ಕಿಂತ ಮೊದಲು ಕಲಿಸುವುದು ಗಂಟು ಹಾಕುವುದನ್ನು. ಮೊದಲ ವಾರ ಜೊತೆಯವಳ ಸೊಂಟಕ್ಕೆ ಹಗ್ಗ ಕಟ್ಟು ಎಂದರು. ನನ್ನ ಕೈ ತಾನಾಗಿಯೇ ಹೋರಿಯ ಕುಣಿಕೆ ಹಾಕಿತು. ಅವಳು ಎಳೆದಳು, ಅದು ಬಿಗಿಯಿತು, ಅವಳು ಚೀರಿದಳು. ಮೇಷ್ಟ್ರು ಬಿಚ್ಚಿದರು. ಎಳೆದಷ್ಟೂ ಬಿಗಿಯುವ ಗಂಟನ್ನು ಮನುಷ್ಯರಿಗೆ ಹಾಕಬಾರದು, ಇದನ್ನು ಯಾರು ಕಲಿಸಿದರು ಎಂದು ಕೇಳಿದರು. ನಮ್ಮ ತಿಪ್ಪೇಶ ಚಿಕ್ಕಪ್ಪ ಎಂದೆ. ನಿಮಗೆ ಮರೆತಿರಬಹುದು. ನನಗಾಗ ಹದಿಮೂರು. ಅಂಜನಾಪುರ ಡ್ಯಾಮಿನ ಹಿನ್ನೀರಿನಲ್ಲಿ ಈಜಿದೆನೆಂದು, ಒದ್ದೆ ಬಟ್ಟೆಯಲ್ಲೇ, ಹೋರಿಯ ಹಗ್ಗದಿಂದ ಹೋರಿಯ ಗೂಟಕ್ಕೆ ನನ್ನ ಕೈ ಕಟ್ಟಿದಿರಿ. “ಎಳಿ, ಎಷ್ಟು ಎಳೀತಿ ಎಳಿ. ಹೋರಿಗಿಂತ ಸೊಕ್ಕು ಜಾಸ್ತಿ ಆಗೇತಿ ನಿಂಗೆ.” ಅಪ್ಪ ಬಾಗಿಲಲ್ಲಿ ನಿಂತು ಉಗುರು ನೋಡಿಕೊಳ್ಳುತ್ತಿದ್ದರು. ಸಂಜೆ ಬಂದು ಬಿಚ್ಚಿದವರು ಸುನಿತಾ ಚಿಕ್ಕಮ್ಮ. ಬಿಸಿಲಿಗೆ ಮೈಯೆಲ್ಲ ಕಪ್ಪಾದರೂ ಮಣಿಕಟ್ಟಿನ ಆ ಗುರುತು ಬೆಳ್ಳಗೇ ಉಳಿದಿದೆ. ಇದನ್ನು ಸಿಟ್ಟು ಎನ್ನಲಾರೆ. ದಿನಾ ಒಮ್ಮೆ ನೋಡಿಕೊಳ್ಳುತ್ತೇನೆ, ಅಷ್ಟೆ.

ಅಪ್ಪನಿಗೂ ಉಚ್ಚಂಗಮ್ಮಜ್ಜಿಗೂ ನಮಸ್ಕಾರ ತಿಳಿಸಿ. ಹೋರಿಯ ಬೆನ್ನನ್ನು ನನ್ನ ಪರವಾಗಿ ತಟ್ಟಿ. ಅದು ನನಗೇನೂ ಮಾಡಿಲ್ಲ.

ನಿಮ್ಮ ಅಣ್ಣನ ಮಗಳು,
ರಮ್ಯ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು. ನೀವು ಶಿಕಾರಿಪುರದ ಸಂತೆಗೆ ಹೋದ ದಿನಗಳಲ್ಲಿ ಮೇಘನಾ ಹೊಲಿಗೆ ಕ್ಲಾಸಿಗೆ ಹೋಗುತ್ತಿರಲಿಲ್ಲ. ಎಂಟು ತಿಂಗಳು ಅದೇ ಹಿನ್ನೀರಿನಲ್ಲಿ ಈಜು ಕಲಿತಳು. ಸೊಂಟಕ್ಕೆ ಹಗ್ಗ ಕಟ್ಟಿ ದಡದಲ್ಲಿ ತುದಿ ಹಿಡಿದು ಕೂರುತ್ತಿದ್ದವರು ಚಿಕ್ಕಮ್ಮ. ಎಳೆದರೂ ಬಿಗಿಯದ ಗಂಟನ್ನು ಅವರಿಗೆ ಫೋನಿನಲ್ಲಿ ತೋರಿಸಿಕೊಟ್ಟವಳು ನಾನು. ತಾಯಿ ಮಗಳು ಇಬ್ಬರೂ ಸೊರಬದ ಕಡೆ, ಜಡೆ ಊರಿನ ತವರಿನಲ್ಲಿದ್ದಾರೆ ಎಂದುಕೊಂಡಿದ್ದೀರಲ್ಲವೆ? ಚಿಕ್ಕಮ್ಮ ಅಲ್ಲೇ ಇದ್ದಾರೆ, ನೀವು ಕರೆದರೆ ಬರುವುದಿಲ್ಲವಂತೆ. ಮೇಘನಾಳಿಗೆ ಹದಿನೆಂಟು ತುಂಬಿತು, ಹಡಗಿನ ಪರೀಕ್ಷೆಯೂ ಪಾಸಾಯಿತು. ನನ್ನ ಪಕ್ಕದಲ್ಲಿ ಕೂತು ಹಾಯಿ ಹೊಲಿಯುತ್ತಿದ್ದಾಳೆ. ಕಾಗದ ಕೈಸೇರುವ ಹೊತ್ತಿಗೆ ನಾವು ಸಮುದ್ರದಲ್ಲಿರುತ್ತೇವೆ. ಕೊಟ್ಟಿಗೆಯ ಮೊಳೆ ನೋಡಿ, ಹೋರಿಯ ಆ ಹಳೆಯ ಹಗ್ಗ ಇರುವುದಿಲ್ಲ. ಅದನ್ನೂ ತಂದಿದ್ದಾಳೆ. ಗೂಟ ನಿಮಗಿರಲಿ.