ಹಳೆಯ ಗುಂಡು ಮೊದಲು ಮುಗಿಯಲಿ

ಶಿರಸಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ತಮ್ಮ ಸುಹಾಸ,

ಹೇಗಿದ್ದೀಯ? ಪುಣೆಯ ಚಳಿಗೆ ಭುಜದ ನೋವು ಮತ್ತೆ ಎದ್ದಿಲ್ಲ ತಾನೆ? ನಾನು ಕಟ್ಟಿಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಬಾಟಲಿ ಇನ್ನೂ ಬ್ಯಾಗಿನ ತಳದಲ್ಲೇ ಇದೆಯೋ? ಊಟ ಹೊತ್ತಿಗೆ ಸರಿಯಾಗಿ ಮಾಡು. ಸಿಟ್ಟು ಎಷ್ಟೇ ಇದ್ದರೂ ಇಷ್ಟು ಕೇಳದೆ ಅಕ್ಕನಿಂದ ಕಾಗದ ಶುರು ಮಾಡಲು ಆಗುವುದಿಲ್ಲ. ಕೇಳಿದ್ದಾಯಿತು, ಇನ್ನು ಬೈಗುಳ. ಫೋನಿನಲ್ಲಿ ನೀನು ನನಗೆ ಒಂದು ಮಾತು ಮುಗಿಸಲು ಬಿಡುವುದಿಲ್ಲ, ‘ಕೋಚಿಂಗ್ ಕ್ಲಾಸಿಗೆ ಹೊತ್ತಾತು’ ಎಂದು ಇಟ್ಟುಬಿಡುತ್ತೀ. ಕಾಗದಕ್ಕೆ ಅಡ್ಡಬಾಯಿ ಹಾಕಲು ನಿನ್ನಿಂದ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಿಬ್ಬರ ಶೂಟಿಂಗ್ ಕ್ಲಬ್ಬಿಗೆ ದುಡಿಯುವ ಚೌಡನ ಎಡಗಣ್ಣಿನ ಆಪರೇಷನ್ ಮಂಗಳವಾರ ಹುಬ್ಬಳ್ಳಿಯಲ್ಲಿ ಆಯಿತು. ಅಕ್ಕಿಕಾಳಿಗಿಂತ ಚಿಕ್ಕ ತಾಮ್ರದ ಚೂರೊಂದನ್ನು ತೆಗೆದಿದ್ದಾರೆ. ದೃಷ್ಟಿ ಉಳಿಯುತ್ತದೋ ಇಲ್ಲವೋ, ಕಟ್ಟು ಬಿಚ್ಚುವವರೆಗೆ ಯಾರೂ ಬಾಯಿ ಬಿಡುವುದಿಲ್ಲ. ಭಾನುವಾರ ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಹೋದವಳು ನಾನು. ಯಲ್ಲಾಪುರ ದಾಟುವವರೆಗೂ ಅವನು ಒಮ್ಮೆಯೂ ನರಳಲಿಲ್ಲ. ಕಲಘಟಗಿ ಹತ್ತಿರ ಬಂದಾಗ ಹೇಳಿದ್ದು ಇಷ್ಟೇ: ‘ಅಕ್ಕೋರೆ, ಸಣ್ಣ ಹೆಗಡೇರಿಗೆ ಈಗ್ಲೇ ಹೇಳ್ಬ್ಯಾಡಿ. ಅವ್ರ ಪರೀಕ್ಷೆ ಕೆಡ್ತದೆ.’ ನಿನ್ನ ಪರೀಕ್ಷೆ ಕೆಡಬಾರದಂತೆ! ಹಿಂದಿನ ಸೀಟಿನಲ್ಲಿ ಅವನ ತಲೆ ಹಿಡಿದುಕೊಂಡು ಕೂತಿದ್ದ ವೆಂಕಮ್ಮ ಗಂಡನ ಆ ಮಾತು ಕೇಳಿ ಅತ್ತಳು. ನನಗೂ ಗಾಡಿ ಓಡಿಸುವುದು ಕಷ್ಟವಾಯಿತು.

ಅಂಥವನ ಬಗ್ಗೆ ಸೋಮವಾರ ನೀನು ನನಗೆ ಹೇಳಿದ್ದೇನು? ‘ಚೌಡ ಗೆರೆ ದಾಟಿ ಮುಂದೆ ಹೋಗಿದ್ದ ಹೇಳಿ ರಿಜಿಸ್ಟರಲ್ಲಿ ಬರೆದ್ಬಿಡು ಅಕ್ಕಾ. ಪೊಲೀಸ್ರು ಕೇಳಿರೂ ಅದ್ನೇ ಹೇಳು. ಇಲ್ದಿದ್ರೆ ಕ್ಲಬ್ಬಿನ ಲೈಸೆನ್ಸೇ ಹೋಗ್ತು.’ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಪುಣೆಯಲ್ಲಿ ಕಲಿಸುತ್ತಾರೋ? ಎಂಟು ವರ್ಷದಿಂದ ಮಂಚಿಕೇರಿ ರಸ್ತೆಯ ಆ ಹಳೇ ಕಲ್ಲುಕ್ವಾರಿಯಲ್ಲಿ ನಮ್ಮೆಲ್ಲರ ಗುರಿಹಲಗೆ ಕಟ್ಟಿದವನು ಅವನು. ಬಿಳಿ ಗೆರೆ ಎಳೆದವನೂ ಅವನೇ. ಆ ಗೆರೆ ದಾಟುವವರನ್ನು ತಾಲೂಕಿನ ದೊಡ್ಡ ಮನುಷ್ಯರೆಂದೂ ನೋಡದೆ ಗದರಿಸಿ ಹಿಂದೆ ಕಳಿಸುತ್ತಿದ್ದ. ಭಾನುವಾರ ಅವನು ನಿಂತಿದ್ದು ಗುಂಡು ಹೊಡೆಯುತ್ತಿದ್ದ ಅಭಿಜ್ಞಾಳಿಗಿಂತ ಎರಡು ಹೆಜ್ಜೆ ಹಿಂದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲಿಲ್ಲ ಎನ್ನುವುದು ನಿಜ. ಆರು ಜನರಿಗೆ ಐದೇ ಇದ್ದವು, ಮಗಳ ಅಭ್ಯಾಸ ನೋಡಲು ಸಿದ್ದಾಪುರದಿಂದ ಬಂದಿದ್ದ ಅವಳ ಅಪ್ಪನಿಗೆ ಇವನು ತನ್ನದನ್ನು ಬಿಚ್ಚಿಕೊಟ್ಟಿದ್ದ. ಒಡೆದುಹೋದ ಕನ್ನಡಕಕ್ಕೆ ಬದಲಿ ತರಿಸು ಎಂದು ನಾನು ಆಗಸ್ಟಿನಲ್ಲೇ ಹೇಳಿದ್ದೆ.

ಚೂರು ಹಿಂದಕ್ಕೆ ಹಾರಿಬರುವುದು ಹೇಗೆ ಎಂದು ನನಗೆ ಕಲಿಸಿದವನು ನೀನೇ. ಹತ್ತು ಮೀಟರಿನಲ್ಲಿ ಉಕ್ಕಿನ ತಟ್ಟೆ, ಅದಕ್ಕೆ ತಾಮ್ರದ ಹೊದಿಕೆಯ ಗಟ್ಟಿ ಗುಂಡು. ತಟ್ಟೆಯಲ್ಲಿ ಗುಳಿ ಬಿದ್ದಿದ್ದರೆ ಚೂರು ಎತ್ತ ಹಾರುತ್ತದೆ ಎಂದು ಹೇಳುವಂತಿಲ್ಲ. ಅದಕ್ಕೇ ಅಲ್ಲವೇ ಜೂನ್ ತಿಂಗಳಿಡೀ ನಾವಿಬ್ಬರೂ ಪುಡಿಯಾಗುವ ಗುಂಡು ಆರಿಸಲು ಕೂತಿದ್ದು? ತಾಮ್ರದ ಪುಡಿಯನ್ನು ಒತ್ತಿ ಮಾಡಿದ್ದು, ಉಕ್ಕಿಗೆ ಬಡಿದರೆ ಹಿಟ್ಟಾಗುತ್ತದೆ ಎಂದವನು ನೀನು. ಮೂರು ಮಾದರಿ ತರಿಸಿದೆವು. ಒಂದರ ಮೂತಿ ಪಿಸ್ತೂಲಿನೊಳಗೇ ಉದುರಿತು. ಇನ್ನೊಂದು ತೀರಾ ಹಗುರ, ಎರಡನೇ ಈಡಿಗೇ ಪಿಸ್ತೂಲು ಸಿಕ್ಕಿಹಾಕಿಕೊಂಡಿತು. ಮೂರನೆಯದನ್ನು ಹೊಡೆಯುವ ಮೊದಲು ತಟ್ಟೆಯ ಕೆಳಗೆ ಅಪ್ಪನ ಬಿಳಿ ಪಂಚೆ ಹಾಸಿದೆ ನೀನು. ಆಮೇಲೆ ಮಂಡಿಯೂರಿ ಕೈಯಾಡಿಸಿ ನೋಡಿದೆವು, ಬೆರಳಿಗೆ ಹತ್ತಿದ್ದು ಬರೀ ಕಪ್ಪು ಪುಡಿ, ಒಂದೇ ಒಂದು ಚೂರಿಲ್ಲ. ‘ಇದು ಉಕ್ಕಿನ ಎದುರು ಮಾತ್ರ ಸಾಧು, ಮನುಷ್ಯನಿಗೆ ತಾಗಿದರೆ ಕೊಲ್ಲುತ್ತದೆ, ಆಟಿಕೆ ಎಂದುಕೊಳ್ಳಬೇಡಿ’ ಎಂದು ಎಲ್ಲರನ್ನೂ ನಿಲ್ಲಿಸಿ ಭಾಷಣವನ್ನೂ ಮಾಡಿದೆ. ಆ ದಿನ ನನ್ನ ತಮ್ಮನ ಬಗ್ಗೆ ಹೆಮ್ಮೆಯಾಗಿತ್ತು, ಅದನ್ನೂ ಬರೆದುಬಿಡುತ್ತೇನೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಹೊಸ ಗುಂಡಿನ ಪೆಟ್ಟಿಗೆಗಳು ಬಂದು ಕಪಾಟು ಸೇರಿದ ದಿನವೇ ನಿನ್ನ ಫೋನು: ‘ಗಟ್ಟಿ ಗುಂಡು ಇನ್ನೂ ಮುನ್ನೂರು ಇದ್ದು. ಹಳೇದು ಮುಗಿಸ್ಕ್ಯಂಡು ಹೊಸತು ಒಡಿ, ಸುಮ್ನೆ ಹಾಳು ಮಾಡಡ.’ ನಮ್ಮ ಮನೆಯ ಬುದ್ಧಿ ಎಲ್ಲಿ ಹೋಗುತ್ತದೆ ಹೇಳು. ಹಳೇ ಉಪ್ಪಿನಕಾಯಿ ಮುಗಿಯದೆ ಅಮ್ಮ ಹೊಸ ಭರಣಿಯ ಬಾಯಿ ಬಿಚ್ಚಿದವಳಲ್ಲ, ನಿನ್ನೆಯ ಅನ್ನ ಖಾಲಿಯಾಗದೆ ಬಿಸಿ ಅನ್ನ ಬಡಿಸಿದವಳಲ್ಲ. ಅನ್ನಕ್ಕೆ ಅದು ಸರಿ. ಅಮ್ಮನಿಗೆ ಕೈಮುಗಿಯುತ್ತೇನೆ. ಆದರೆ ಇದು ಅನ್ನವೇನೋ? ಆ ಮುನ್ನೂರನ್ನು ಕಾಗದದ ಗುರಿಗೆ, ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದು ಮುಗಿಸಿ ಎಂದಿದ್ದರೂ ಸಾಕಿತ್ತು. ಆ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ತಟ್ಟೆ ಠಣ್ ಅನ್ನದಿದ್ದರೆ ಮೆಂಬರುಗಳಿಗೆ ಬೇಜಾರು ಎಂದು ನಿನಗೆ ಗೊತ್ತಿತ್ತು.

ಅಭಿಜ್ಞಾಳ ಕಥೆ ಕೇಳು. ಹತ್ತೊಂಬತ್ತರ ಕೂಸು, ಭಾನುವಾರದಿಂದ ಸರಿಯಾಗಿ ಉಂಡಿಲ್ಲವಂತೆ. ದಿನಾ ಫೋನು ಮಾಡಿ ಒಂದೇ ಪ್ರಶ್ನೆ: ‘ಮಧುರಕ್ಕಾ, ಹೊಡೆದದ್ದು ನಾನೇ ಅಲ್ದ?’ ನೀನು ಹೇಳಿದ ಹಾಗೆ ನಾನು ಬರೆದರೆ ಅವಳು ಸುಳ್ಳನ್ನೂ ಹೊರಬೇಕು, ಚೌಡ ಕಣ್ಣಿನ ಜೊತೆ ಹೆಸರನ್ನೂ ಕಳೆದುಕೊಳ್ಳಬೇಕು. ತನ್ನದೇ ತಪ್ಪು ಎಂದು ಬರೆಸಿಕೊಂಡವನಿಗೆ ಪರಿಹಾರವೂ ಇಲ್ಲ, ನಾಳೆ ಬೇರೆಲ್ಲೂ ಕೆಲಸವೂ ಇಲ್ಲ. ಲೈಸೆನ್ಸು ಹೋದರೆ ಹೋಗಲಿ. ಹೋಗಬೇಕಾದ್ದೇ ಎಂದು ಒಂದೊಂದು ಹೊತ್ತಿಗೆ ಅನ್ನಿಸುತ್ತದೆ. ಹಾಗೆಂದು ನೀನು ಕೆಟ್ಟವನೆಂದು ನಾನು ಎಲ್ಲೂ ಹೇಳುವುದಿಲ್ಲ, ಹೆದರಿದ್ದೀಯ ಅಷ್ಟೇ. ಹೆದರಿದವರು ಬಡವರ ಹಿಂದೆಯೇ ಅಡಗುತ್ತಾರೆ ಎನ್ನುವುದು ನನ್ನ ಸಂಕಟ.

ಬೈದಿದ್ದು ಜಾಸ್ತಿಯಾಯಿತು, ಕಡಿಮೆ ಮಾಡುವ ಮನಸ್ಸಿಲ್ಲ. ದೇವರು ನಿನಗೆ ಆಯುಷ್ಯ, ಆರೋಗ್ಯ ಕೊಡಲಿ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಮಧುರಾ

ಮರೆತೆ ಎಂದು ಬರೆದರೆ ಸುಳ್ಳು, ಬೇಕೆಂದೇ ಬಿಟ್ಟಿದ್ದೆ. ಟಪಾಲಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಹೊಸ ಪೆಟ್ಟಿಗೆ ನನ್ನ ಕೈಯಲ್ಲೇ ಇತ್ತು. ‘ಮಧುರಕ್ಕಾ, ತಟ್ಟೆಗೆ ಹೊಡೆಯದಲ್ದ, ಹೊಸದೇ ಕೊಡು’ ಎಂದು ಅಭಿಜ್ಞಾ ಬಾಯಿಬಿಟ್ಟು ಕೇಳಿದ್ದಳು. ‘ಹಳೇದು ಮುಗೀಲಿ ತಂಗಿ’ ಎಂದು ಅದನ್ನು ಒಳಗಿಟ್ಟು ಬೀಗ ಹಾಕಿದವಳು ನಾನು. ಇಂದು ಬೆಳಿಗ್ಗೆ ಠಾಣೆಗೆ ಹೋಗಿ ಇದನ್ನೆಲ್ಲ ಬರೆದುಕೊಟ್ಟು ಬಂದೆ. ಮೊದಲು ನನ್ನ ಹೆಸರು, ಆಮೇಲೆ ನಿನ್ನದು. ನಿನಗೂ ಕರೆ ಬರುತ್ತದೆ. ಚೌಡನಿಗೆ ಮಾತ್ರ ಇನ್ನೂ ಹೇಳಿಲ್ಲ. ಮುಂದಿನ ಗುರುವಾರ ಕಟ್ಟು ಬಿಚ್ಚುತ್ತಾರೆ, ಪರೀಕ್ಷೆ ಬಿಟ್ಟು ಹುಬ್ಬಳ್ಳಿಗೆ ಬಾ. ಉಳಿದ ಆ ಒಂದು ಕಣ್ಣಿನಲ್ಲಿ ಅವನು ನನ್ನನ್ನು ನೋಡಿ ‘ಬನ್ನಿ ಅಕ್ಕೋರೆ’ ಎಂದರೆ ಒಬ್ಬಳೇ ನಿಲ್ಲಲು ನನ್ನಿಂದ ಆಗುವುದಿಲ್ಲ.